ಮನುಷ್ಯರ ಕೈ ತಾಗದ ಗಾಣ

"ನಿಮ್ಮನ್ನು ನೀವೇ ದೃಢೀಕರಿಸಿಕೊಳ್ಳಿ, ನಾವು ನಂಬುತ್ತೇವೆ" ಎಂದು ಸರ್ಕಾರ ಹೇಳಿದ್ದನ್ನು ಪೇಪರಿನಲ್ಲಿ ಓದಿದ ದಿನ ನನಗಾದ ಆನಂದ ಅಷ್ಟಿಷ್ಟಲ್ಲ. ಯಂತ್ರ, ತಂತ್ರಜ್ಞಾನ ಎಂದು ಹೊಸ ಉದ್ಯೋಗ ತೆರೆಯುವವರು ಇನ್ನು ಹತ್ತು ಕಚೇರಿ ಅಲೆಯಬೇಕಾಗಿಲ್ಲವಂತೆ. ಒಂದೇ ಫಾರಂ. ನಮ್ಮ ಯಂತ್ರ ಎಂಥದೆಂದು ನಾವೇ ಬರೆದು ದಸ್ಕತ್ತು ಮಾಡಿದರೆ ಆಯಿತಂತೆ. ನನ್ನ ಬುದ್ಧಿವಂತಿಕೆಗೆ ತೆಲುಗು ಸೀಮೆಯ ಗಡಿಯಲ್ಲಿರುವ ನಮ್ಮ ಮಕ್ತಲ್ ಊರಿನಲ್ಲಿ ಇಲ್ಲಿಯವರೆಗೆ ಯಾರೂ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಹೀಗಾಗಿ ನಾನೇ ಕೊಟ್ಟುಕೊಳ್ಳುವುದು ಮೊದಲಿನಿಂದ ರೂಢಿ. ಈಗ ಅದಕ್ಕೆ ಸರ್ಕಾರದ ಮುದ್ರೆಯೂ ಬೀಳುವುದಿತ್ತು!

ನಾವು ಗಾಣಿಗರು. ನಮ್ಮಪ್ಪನ ಕಾಲದಲ್ಲಿ ಮನೆಯ ಹಿಂದಿನ ಚಪ್ಪರದಲ್ಲಿ ಎತ್ತು ಕಟ್ಟಿ ಶೇಂಗಾ ಎಣ್ಣೆ ತೆಗೆಯುತ್ತಿದ್ದರು. ಅಪ್ಪ ಹೋದ, ಎತ್ತೂ ಹೋಯಿತು, ಗಾಣದ ಮೇಲೆ ಕೋಳಿ ಕೂತವು. ನಾನು ಬಸ್‌ಸ್ಟ್ಯಾಂಡ್ ಹತ್ತಿರ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡು ಇಪ್ಪತ್ತು ವರ್ಷ ರೈತರ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತಿದೆ. ಆಮೇಲೆ ಜನಕ್ಕೆ ಇದ್ದಕ್ಕಿದ್ದಂತೆ ಮರದ ಗಾಣದ ಎಣ್ಣೆಯ ಹುಚ್ಚು ಹತ್ತಿತು. ನನಗೂ ಹತ್ತಿತು. ಕೋಳಿಗಳನ್ನು ಎಬ್ಬಿಸಿ, ಎತ್ತಿನ ಜಾಗದಲ್ಲಿ ಮೋಟಾರು ಕೂಡಿಸಿ, ಸೆನ್ಸರು, ಟೈಮರು ಎಲ್ಲಾ ಜೋಡಿಸಿದೆ. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು. ಶೇಂಗಾ ತಾನೇ ಬೀಳುತ್ತದೆ, ಉದ್ದನೆಯ ತೊಲೆ ತಾನೇ ಸುತ್ತುತ್ತದೆ, ಎಣ್ಣೆ ತಾನೇ ಇಳಿಯುತ್ತದೆ, ಮುಗಿದ ಮೇಲೆ ಗಾಣ ತಾನೇ ನಿಲ್ಲುತ್ತದೆ. ಪಕ್ಕದ ವೆಲ್ಡಿಂಗ್ ಅಂಗಡಿಯ ಖಾಜಾ ಇದಕ್ಕೆ ಕಬ್ಬಿಣದ ಚೌಕಟ್ಟು ಮಾಡಿಕೊಟ್ಟು, "ಮಲ್ಲಣ್ಣ, ಇದು ಅಮೇರಿಕಾದಾಗೂ ಇಲ್ಲ" ಅಂದ. ಅವನು ಗದ್ವಾಲ್ ದಾಟಿ ಹೋದವನಲ್ಲ. ಆದರೂ ನಾನು ನಂಬಿದೆ.

ಗಾಣಕ್ಕೆ ಮೋಟಾರು ಕೂಡಿಸಲು ನಮ್ಮವ್ವ ಎರಡು ಷರತ್ತು ಹಾಕಿದ್ದಳು. ಹಳೆಯ ಎತ್ತಿನ ಕೊರಳಗಂಟೆಯನ್ನು ಮೋಟಾರಿಗೆ ಕಟ್ಟಬೇಕು. ಮತ್ತು ಸೋಮವಾರ ಗಾಣ ಹೂಡಬಾರದು. ಸೋಮವಾರ ಬಸವಣ್ಣನ ದಿನ. ನಮ್ಮ ಕಡೆ ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ.

"ಯವ್ವಾ, ಅದು ಮೋಟಾರು. ಮೋಟಾರಿಗೆ ಎಲ್ಲಿ ಬಸವಣ್ಣ?" ಅಂದೆ.

"ನಿನಗೇನ್ ಗೊತ್ತೈತಿ? ದುಡಿಯೋದೆಲ್ಲಾ ಬಸವಣ್ಣನಽ" ಅಂದಳು.

ವಾದಿಸಿ ಗೆದ್ದವರು ನಮ್ಮ ವಂಶದಲ್ಲಿ ಯಾರೂ ಇಲ್ಲ. ಟೈಮರಿನಲ್ಲಿ ಸೋಮವಾರಕ್ಕೊಂದು ಬೀಗ ಹಾಕಿದೆ. ನನ್ನ ಸ್ವಭಾವ ನನಗೆ ಗೊತ್ತಿದ್ದುದರಿಂದ, ಸೋಮವಾರದಂದು ನಾನೇ ತೆಗೆಯಹೋದರೂ ಆ ಬೀಗ ಬಿಚ್ಚದ ಹಾಗೆ ಮಾಡಿದೆ. ಅವ್ವನಿಗೆ ನಂಬಿಕೆ ಬರಲೆಂದು, ಸೋಮವಾರ ಯಾರಾದರೂ ಗುಂಡಿ ಒತ್ತಿದರೆ ಅವಳ ಹಳೇ ಫೋನಿಗೆ ಒಂದು ಸಂದೇಶ ಹೋಗುವಂತೆಯೂ ಮಾಡಿದೆ. ಅವ್ವನಿಗೆ ಓದಲು ಬರುವುದಿಲ್ಲ. ಆದರೆ ಸಾಕ್ಷಿ ಸಾಕ್ಷಿಯೇ. ನಾಲ್ಕು ತಿಂಗಳು ಸೋಮವಾರ ಯಾರೂ ಗುಂಡಿ ಮುಟ್ಟಲಿಲ್ಲ. ನಾನು ಆ ಬೀಗವನ್ನು ಮರೆತೇಬಿಟ್ಟೆ.

ಅಷ್ಟರಲ್ಲಿ ಗದ್ವಾಲ್ ಆಚೆಯ ಮಲ್ದಕಲ್‌ನ ಮಹಿಳಾ ಸಂಘದ ಅಧ್ಯಕ್ಷೆ ಲಕ್ಷ್ಮಮ್ಮನವರು ಫೋನ್ ಮಾಡಿ, ಸಂಘಕ್ಕೆ ಇಂಥದೊಂದು ಗಾಣ ಬೇಕು, ಚೆನ್ನಾಗಿ ನಡೆದರೆ ಇನ್ನೂ ನಾಲ್ಕು ಬೇಕು, ಆದರೆ ಸರ್ಕಾರದ ಮಂಜೂರಿ ಕಾಗದ ಇರಲೇಬೇಕು ಎಂದರು. ಐದು ಗಾಣ! ನಾನು ಅಂದೇ ವೈಂಡಿಂಗ್ ಅಂಗಡಿ ಖಾಲಿ ಮಾಡಿದೆ. ಇಡೀ ಬಜಾರಿಗೆ ಪೇಡೆ ಹಂಚಿದೆ. "ತಂತಿ ಸುತ್ತುವ ಕಾಲ ಮುಗಿಯಿತು, ಇನ್ನು ತಂತ್ರಜ್ಞಾನದ ಕಾಲ" ಎಂದು ಚಹಾದಂಗಡಿಯ ಬೆಂಚಿನ ಮೇಲೆ ನಿಂತು ಭಾಷಣವನ್ನೂ ಮಾಡಿದೆ. ಅಂದರೆ ಕಾಗದ ಬರದಿದ್ದರೆ ಗಾಣ ಮಾರುವ ಹಾಗಿಲ್ಲ, ಪೇಡೆ ತಿಂದವರ ಮುಂದೆ ಮತ್ತೆ ಅಂಗಡಿ ತೆರೆಯುವ ಮುಖವೂ ಇಲ್ಲ.

ಅಡುಗೆಮನೆಯ ನೆಲದ ಮೇಲೆ ಕೂತು ಫೋನಿನಲ್ಲಿ ಫಾರಂ ತುಂಬತೊಡಗಿದೆ. ನನ್ನ ಹೆಂಡತಿ ನೀಲವ್ವ ರೊಟ್ಟಿ ಬಡಿಯುತ್ತ ಸಲಹೆಗಾರಳಾಗಿ ಕೂತಳು. ಉದ್ಯಮದ ವರ್ಗ ಎಂಬಲ್ಲಿ "ಆಟೋಮೇಷನ್ ಮತ್ತು ತಂತ್ರಜ್ಞಾನ" ಎಂಬುದರ ಮೇಲೆ ಬೆರಳೊತ್ತಿದೆ. ಬೆರಳಿಗೆ ರೋಮಾಂಚನವಾಯಿತು.

"ಹೊಗೆ ಎಷ್ಟು ಬರ್ತೈತಿ ಅಂತ ಕೇಳ್ಯಾರ" ಅಂದೆ.

"ನಿಮ್ಮ ಬೀಡಿದೂ ಸೇರಿಸಬೇಕೇನ್ರಿ?"

ಸೊನ್ನೆ ಎಂದು ಬರೆದೆ. "ಘನ ತ್ಯಾಜ್ಯ ಏನು? ವಿಲೇವಾರಿ ಹೆಂಗ?"

"ತ್ಯಾಜ್ಯ ಎಲ್ಲೈತ್ರಿ? ಹಿಂಡಿ ಉಳೀತೈತಿ, ಅದನ್ನ ಎಮ್ಮಿ ತಿಂತೈತಿ. ಎಮ್ಮಿ ಅಂತ ಬರೀರಿ."

ವಿಲೇವಾರಿ ವಿಧಾನ: ಎಮ್ಮೆ. ಫಾರಂ ಒಪ್ಪಿಕೊಂಡಿತು! ಶಬ್ದಮಾಲಿನ್ಯ ಎಂಬಲ್ಲಿ ನೀಲವ್ವ ದೇವರ ಕೋಣೆಯ ಕಡೆ ನೋಡಿ, ದನಿ ತಗ್ಗಿಸಿ, "ನಿಮ್ಮವ್ವನ ಬಿಟ್ರ ಮತ್ತೇನೈತ್ರಿ?" ಅಂದಳು. ನಾನು "ಸಹಿಸಬಹುದಾದಷ್ಟು" ಎಂದು ಬರೆದೆ. ವಾರದ ರಜೆ ಯಾವ ದಿನ ಎಂಬುದಕ್ಕೆ ನನಗೆ ನಗು ಬಂತು. ಯಂತ್ರಕ್ಕೆ ರಜೆಯೇ? "ಅನ್ವಯಿಸುವುದಿಲ್ಲ. ವರ್ಷದ ಎಲ್ಲಾ ದಿನವೂ ದುಡಿಯುತ್ತದೆ" ಎಂದು ಗರ್ವದಿಂದ ತುಂಬಿದೆ. ಕೊನೆಗೆ ದೃಢೀಕರಣದ ಸಾಲು: "ಈ ಯಂತ್ರ ಮನುಷ್ಯರ ಕೈ ತಾಗದೆ ನಡೆಯುತ್ತದೆ ಎಂದು ಪ್ರಮಾಣ ಮಾಡುತ್ತೇನೆ." ದಸ್ಕತ್ತು ಹಾಕಿದೆ.

ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ಕೆಳಗಿನ ಸಣ್ಣಕ್ಷರ ಓದಿದಳು. "ಏನ್ರಿ, ಸುಳ್ಳು ಪ್ರಮಾಣ ಮಾಡಿದ್ರ ಮೂರು ವರ್ಷ ದರಖಾಸ್ತು ಹಾಕಾಕ ಬರಂಗಿಲ್ಲಂತ."

"ಅದು ಸುಳ್ಳು ಹೇಳೋರಿಗೆ" ಅಂದೆ.

ಸರ್ಕಾರ ನನ್ನನ್ನು ನಂಬಿತು. ಆದರೂ ಒಮ್ಮೆ ಬಂದು ನೋಡುತ್ತೇವೆ ಎಂದಿತು. ಶನಿವಾರ, ಸೋಮವಾರ, ಗುರುವಾರ, ಈ ಮೂರರಲ್ಲಿ ಒಂದು ದಿನ ಆರಿಸಿಕೊಳ್ಳಿ ಎಂದು ಸಂದೇಶ ಬಂತು. ಇಂಥ ವಿಷಯ ಅವ್ವನನ್ನು ಕೇಳದೆ ನಮ್ಮ ಮನೆಯಲ್ಲಿ ನಡೆಯುವುದಿಲ್ಲ.

"ಶನಿವಾರ ಬ್ಯಾಡ, ಶನಿ ಹೆಗಲೇರ್ತಾನ. ಗುರುವಾರ ಅಮಾಸಿ ಬಂದೈತಿ, ಅಮಾಸಿ ದಿನ ಸರ್ಕಾರದವರನ್ನ ಯಾರಾರ ಮನಿಗೆ ಕರೀತಾರೇನು? ಶ್ರಾವಣ ಸೋಮವಾರ ಕರಿ. ಅದಕ್ಕಿಂತ ಒಳ್ಳೇ ದಿನ ಯಾವುದೈತಿ?"

ಸೋಮವಾರವೇ ಗೊತ್ತಾಯಿತು. ಅಧಿಕಾರಿ ಬರುವುದು ಮತ್ತು ಗಾಣ ತಿರುಗುವುದು, ಈ ಎರಡೂ ಒಂದೇ ದಿನ ಆಗಬೇಕಾದ ಕೆಲಸ ಎಂಬುದು ನಮ್ಮ ಮೂವರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ತಯಾರಿ ಮಾತ್ರ ಜೋರಾಗಿ ನಡೆಯಿತು. ನಿಯಮದ ಪ್ರಕಾರ ಮರಳು ತುಂಬಿದ ಕೆಂಪು ಬಕೆಟ್ ತೂಗುಹಾಕಿದೆ. ಔಷಧಿ ಪೆಟ್ಟಿಗೆ ಗೋಡೆಗೆ ಬಡಿದೆ. ತಲೆಬುರುಡೆ ಬರೆದ "ಅಪಾಯ" ಎಂಬ ಬೋರ್ಡು ಹಚ್ಚಿದೆ. ಬೆಳಗಾಗುವಷ್ಟರಲ್ಲಿ ಅವ್ವ ಆ ಬುರುಡೆಯ ಹಣೆಗೆ ವಿಭೂತಿ ಹಚ್ಚಿ ನಡುವೆ ಕುಂಕುಮ ಇಟ್ಟಿದ್ದಳು. "ಬೋಳು ಹಣಿ ಮನಿಯಾಗ ಇರಬಾರದು" ಅಂದಳು. ಬುರುಡೆ ನಮ್ಮ ದೊಡ್ಡಪ್ಪನ ಹಾಗೆ ಕಾಣತೊಡಗಿತು. ಅಪಾಯ ಬಂದಾಗ ಒತ್ತುವ ದೊಡ್ಡ ಕೆಂಪು ಗುಂಡಿಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ಸರ ತೂಗಿದ್ದಳು. ನಾನು ತೆಗೆದೆ, ಅವಳು ಮತ್ತೆ ಹಾಕಿದಳು. ಅದು ಅಲ್ಲೇ ಉಳಿಯಿತು.

ಸೋಮವಾರ ಬೆಳಿಗ್ಗೆ ಲಕ್ಷ್ಮಮ್ಮನವರು ಸಂಘದ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡು, ಗದ್ವಾಲ್‌ನಲ್ಲಿ ಬಸ್ಸು ಬದಲಿಸಿ ಬಂದಿಳಿದರು. ತಪಾಸಣೆಯನ್ನು ಕಣ್ಣಾರೆ ನೋಡಲಿ ಎಂದು ನಾನೇ ಕರೆಸಿದ್ದೆ. ಇಂಥ ಬುದ್ಧಿ ನನಗೆ ಯಾವಾಗಲೂ ಸಮಯಕ್ಕೆ ಸರಿಯಾಗಿ ಬರುತ್ತದೆ. ಖಾಜಾ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದ. ನೀಲವ್ವ ಒಳಗೆ ಮಿರ್ಚಿ ಭಜಿ ಕರಿಯುತ್ತಿದ್ದಳು. ಅವ್ವ ದೇವರ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಶ್ರಾವಣ ಸೋಮವಾರ ಪೂಜೆ ಮುಗಿಯುವ ತನಕ ಅವಳು ಬಾಯಿ ತೆರೆಯುವುದಿಲ್ಲ. ಶಬ್ದಮಾಲಿನ್ಯ ಸೊನ್ನೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಹತ್ತೂವರೆಗೆ ನಾರಾಯಣಪೇಟೆಯಿಂದ ಅಧಿಕಾರಿ ಮೇಡಂ ಬಂದರು. ತೆಲುಗಿನವರು, ಕನ್ನಡವನ್ನು ನಿಧಾನವಾಗಿ, ಮೆಟ್ಟಿಲು ಇಳಿದಂತೆ ಮಾತಾಡುತ್ತಿದ್ದರು. ಬಕೆಟ್ ನೋಡಿದರು. ಪೆಟ್ಟಿಗೆ ನೋಡಿದರು. ವಿಭೂತಿ ಧರಿಸಿದ ಬುರುಡೆಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು.

"ತುರ್ತು ಗುಂಡಿ ಎಲ್ಲಿದೆ?"

ನಾನು ನಿಂಬೆಹಣ್ಣಿನ ಸರ ಎತ್ತಿ ತೋರಿಸಿದೆ. ಅವರು ಏನೋ ಬರೆದುಕೊಂಡರು.

"ಸರಿ. ನಡೆಸಿ ತೋರಿಸಿ."

ನಾನು ಗಂಟಲು ಸರಿಮಾಡಿಕೊಂಡೆ. "ಮೇಡಂ, ಮನುಷ್ಯರ ಕೈ ತಾಗದೆ ನಡೆಯುವ ಗಾಣ ಇದು. ನೋಡ್ರಿ" ಎಂದು ಫೋನಿನ ಗುಂಡಿಯನ್ನು ಒಂದೇ ಬೆರಳಿನಿಂದ, ಶಂಕುಸ್ಥಾಪನೆ ಮಾಡುವವನ ಗತ್ತಿನಲ್ಲಿ ಒತ್ತಿದೆ.

ಗಾಣ ಅಲ್ಲಾಡಲಿಲ್ಲ. ಒಳಗೆ ದೇವರ ಕೋಣೆಯಲ್ಲಿ ಅವ್ವನ ಫೋನು "ಕುಂಯ್" ಅಂದಿತು.

"ನೆಟ್‌ವರ್ಕ್ ಮೇಡಂ" ಎಂದು ನಕ್ಕು, ಅಂಗಳಕ್ಕೆ ಹೋಗಿ ಒತ್ತಿದೆ. ಕುಂಯ್. ಏಣಿ ಹತ್ತಿ ಮಾಳಿಗೆಯ ಮೇಲೆ ನಿಂತು ಒತ್ತಿದೆ. ಕುಂಯ್. "ಬಂತೇನೋ ಖಾಜಾ?" ಎಂದು ಮೇಲಿಂದ ಕೂಗಿದೆ. "ಗಾಣ ಬರಲಿಲ್ಲ, ಭಜಿ ಬಂದಾವ ಮಲ್ಲಣ್ಣ!" ಎಂದು ಅವನು ಕೆಳಗಿನಿಂದ ಕೂಗಿದ.

ಇಳಿದು ಬಂದು, ಕರೆಂಟು ಹೋಗಿರಬೇಕು ಎಂದೆ. ಮೇಡಂ ತಲೆಯ ಮೇಲೆ ಗರಗರ ತಿರುಗುತ್ತಿದ್ದ ಫ್ಯಾನಿನ ಕಡೆ ಬೆರಳು ತೋರಿಸಿದರು. ಫ್ಯೂಸ್ ಇರಬೇಕು ಎಂದು ತೆಗೆದು ನೋಡಿದೆ, ಚೆನ್ನಾಗಿತ್ತು. ಮತ್ತೆ ನಾಲ್ಕು ಸಲ ಒತ್ತಿದೆ, ನಾಲ್ಕು ಸಲವೂ ಕುಂಯ್. ಪೆಟ್ಟಿಗೆ ಬಿಚ್ಚಿ ತಂತಿ ಎಳೆದೆ. ಇಪ್ಪತ್ತು ವರ್ಷ ಇಡೀ ತಾಲೂಕಿನ ಮೋಟಾರು ಬಿಚ್ಚಿದ ನನಗೆ, ನನ್ನದೇ ಮೋಟಾರು ಸಣ್ಣಗೆ ಒಂದು ಶಾಕ್ ಕೊಟ್ಟಿತು. ಹಿಂದಕ್ಕೆ ಜಿಗಿದೆ. ಕೆಂಪು ಬಕೆಟ್ ತಲೆಗೆ ಬಡಿದು ಮರಳೆಲ್ಲ ಮೈಮೇಲೆ ಸುರಿಯಿತು. ಬೆಂಕಿ ಬಿದ್ದಿದ್ದರೆ ಖಂಡಿತ ಆರುತ್ತಿತ್ತು!

ಲಕ್ಷ್ಮಮ್ಮನವರು ಪಕ್ಕದ ಹೆಂಗಸಿನ ಕಿವಿಯಲ್ಲಿ ಏನೋ ಅಂದರು. ಇಬ್ಬರೂ ಚೀಲ ಹತ್ತಿರ ಎಳೆದುಕೊಂಡರು. ಚೀಲ ಹತ್ತಿರ ಎಳೆದುಕೊಂಡ ಗಿರಾಕಿ ಏಳುವುದಕ್ಕೆ ತಯಾರು ಎಂಬುದು ಅಂಗಡಿ ಇಟ್ಟವನಿಗೆ ಗೊತ್ತಿರುತ್ತದೆ. ನನಗೆ ನಿಜವಾಗಿ ಹೆದರಿಕೆ ಆಯಿತು. ಮೇಡಂ ಫಾರಂ ತಿರುವಿ ಆ ಸಣ್ಣಕ್ಷರದ ಪುಟಕ್ಕೆ ಬಂದಿದ್ದರು. ಮೂರು ವರ್ಷ! ಇಡೀ ಬಜಾರು ತಿಂದ ಪೇಡೆ ನನ್ನ ಕಣ್ಣ ಮುಂದೆ ಸಾಲಾಗಿ ನಿಂತಿತು.

"ಮಲ್ಲಣ್ಣ, ಫಿಕರ್ ಮಾಡಬ್ಯಾಡ" ಎಂದು ಖಾಜಾ ಪಿಸುಗುಟ್ಟಿದ. "ಗಾಣ ಜಾಮ್ ಆಗೈತಿ. ಬೆಲ್ಟ್ ಬಿಚ್ಚಿ ಎರಡು ಸುತ್ತು ನಾವೇ ತಿರುಗಿಸಿದ್ರ ಸಡಿಲಾಗಿ ತಾನೇ ಹೊಂಟುಬಿಡ್ತೈತಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ನನಗೆ ಖಾಜಾ ಆಸರೆ. ಬೆಲ್ಟ್ ಬಿಚ್ಚಿದೆವು. ತೊಲೆಗೆ ನಾನೊಂದು ಕಡೆ, ಅವನೊಂದು ಕಡೆ ಹೆಗಲು ಕೊಟ್ಟೆವು. ಗಾಣ ತಿರುಗಿತು! ಎರಡು ಸುತ್ತು ನಾಲ್ಕಾಯಿತು, ನಾಲ್ಕು ಹತ್ತಾಯಿತು. ನಿಲ್ಲಿಸಿದರೆ ಮೇಡಂ ಏನು ಕೇಳುತ್ತಾರೋ ಎಂಬ ಹೆದರಿಕೆಯಿಂದ ನಾವು ನಿಲ್ಲಿಸಲೇ ಇಲ್ಲ. ಖಾಜಾನ ಇಸ್ತ್ರಿ ಶರ್ಟು ಬೆನ್ನಿಗೆ ಅಂಟಿತು. ಸಣ್ಣಗೆ ಎಣ್ಣೆಯೂ ಇಳಿಯತೊಡಗಿತು.

ಮೇಡಂ ನಮ್ಮನ್ನು ಒಂದು ಸುತ್ತು ಕಣ್ಣಿನಲ್ಲೇ ಹಿಂಬಾಲಿಸಿ, "ಏಮಂಡಿ, ಇದೇನಾ ಆಟೋಮೇಷನ್?" ಎಂದರು. "ಮನುಷ್ಯರ ಕೈ ತಾಗೋದಿಲ್ಲ ಎಂದು ಬರೆದಿದ್ದೀರಿ."

"ಕೈ ತಾಗಿಲ್ಲ ಮೇಡಂ" ಎಂದೆ, ಏದುಸಿರು ಬಿಡುತ್ತ. "ಬರೀ ಹೆಗಲು!"

ಮೇಡಂ ಉತ್ತರ ಕೊಡುವ ಮೊದಲೇ ದೇವರ ಕೋಣೆಯ ಬಾಗಿಲು ದಢಾರನೆ ತೆರೆಯಿತು. ಪೂಜೆ ಮುಗಿದಿತ್ತು. ಶಬ್ದಮಾಲಿನ್ಯ ಶುರುವಾಯಿತು.

"ಸೋಮವಾರ ಗಾಣ ಹೂಡೀರೇನೋ, ಮನಿಹಾಳ್ರಾ! ನಿಮ್ಮಪ್ಪ ಜ್ವರ ಬಂದ್ರೂ, ಮಳಿ ಬಂದ್ರೂ, ಸೋಮವಾರ ನೊಗ ಮುಟ್ಟಲಿಲ್ಲ. ಖಾಜಾ, ನಿನಗಾರ ಬುದ್ಧಿ ಬ್ಯಾಡೇನು? ಇಳಸ್ರೋ ಹೆಗಲು!"

ನಾವು ಇಳಿಸಿದೆವು. ಅವ್ವ ಕೈಯಲ್ಲಿದ್ದ ಫೋನನ್ನು ಮೇಡಂ ಮುಂದೆ ಹಿಡಿದಳು. "ನೋಡಮ್ಮ ತಾಯಿ, ಪೂಜಾ ಮುಗಿಯೋತನಕ ಕುಂಯ್ ಕುಂಯ್ ಅಂತ ಜೀವ ತಿಂದೈತಿ. ಏನು ಬಂದೈತಿ, ಓದಿ ಹೇಳು."

ಮೇಡಂ ಓದಿದರು. ನಾನು ಶಾಲೆ ಕಲಿತದ್ದು ತೆಲುಗಿನಲ್ಲಿ; ಸಂದೇಶವನ್ನೂ ತೆಲುಗಿನಲ್ಲೇ ಬರೆದಿದ್ದೆ. "ಈ ರೋಜು ಸೋಮವಾರಂ. ಗಾನುಗಕು ಸೆಲವು." ಇವತ್ತು ಸೋಮವಾರ, ಗಾಣಕ್ಕೆ ರಜೆ. ಒಂದಲ್ಲ, ಎರಡಲ್ಲ, ಏಳು ಸಲ ಬಂದಿತ್ತು.

ಭಜಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ನೀಲವ್ವ, "ಅಂದ್ರ ಕೆಟ್ಟಿದ್ದು ಗಾಣ ಅಲ್ಲ" ಅಂದಳು. ಮತ್ತೇನು ಕೆಟ್ಟಿದೆ ಎಂದು ಅವಳು ಹೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು.

ಬೀಗ ತೆಗೆಯಿರಿ ಎಂದರು ಮೇಡಂ. ಸೋಮವಾರ ತೆಗೆಯಲು ಬರುವುದಿಲ್ಲ ಎಂದೆ. ಯಾರು ಹಾಗೆ ಮಾಡಿದ್ದು ಎಂದರು. ನಾನೇ ಎಂದೆ. ಇಡೀ ಯಂತ್ರದಲ್ಲಿ ಹೇಳಿದ ಮಾತಿಗೆ ತಪ್ಪದೆ ನಡೆದದ್ದು ಆ ಬೀಗ ಒಂದೇ! "ನಾಳೆ ಬಂದ್ರ ಕುದುರಿ ಹಂಗ ಓಡ್ತೈತ್ರಿ ಮೇಡಂ" ಎಂದು ಅಂಗಲಾಚಿದೆ. ನಾಳೆ ಮಾಗನೂರಿನಲ್ಲಿ ಬೇರೆ ತಪಾಸಣೆ ಇದೆ ಎಂದು ಅವರು ಪೆನ್ನು ತೆಗೆದರು.

"ನೋಡಿ, ಸುಳ್ಳು ಪ್ರಮಾಣ ಅಂತ ಬರೆದರೆ ನಿಮಗೆ ಮೂರು ವರ್ಷ ಬಾಗಿಲು ಮುಚ್ಚುತ್ತದೆ. ನಾನು ಕಣ್ಣಿಂದ ಕಂಡದ್ದು ಮಾತ್ರ ಬರೆಯುತ್ತೇನೆ. ವರ್ಗ ತಪ್ಪಾಗಿದೆ, ಸರಿಮಾಡಿದೆ ಅಂತ ಬರೆಯುತ್ತೇನೆ. ಎಣ್ಣೆ ಚೆನ್ನಾಗಿದೆ." ಆಮೇಲೆ ವಾರದ ರಜೆಯ ಮುಂದೆ ನಾನು ಬರೆದ "ಅನ್ವಯಿಸುವುದಿಲ್ಲ" ಎಂಬುದನ್ನು ಹೊಡೆದುಹಾಕಿ, ಅವ್ವನ ಕಡೆ ನೋಡಿ, "ಸೋಮವಾರ. ಕಟ್ಟುನಿಟ್ಟಾಗಿ ಪಾಲಿಸಲಾಗುತ್ತಿದೆ" ಎಂದು ಬರೆದರು. ಅವ್ವ ಅವರ ಕೈಗೆ ನಾಲ್ಕು ಭಜಿ ಹೆಚ್ಚಿಗೆ ಇಟ್ಟಳು.

ಲಕ್ಷ್ಮಮ್ಮನವರು ಎದ್ದರು. ಹೋದರು ಎಂದುಕೊಂಡೆ. ಅವರು ಗಾಣದ ಹತ್ತಿರ ಬಂದು ಅದರ ಬೆನ್ನು ಸವರಿ, ವಾರಕ್ಕೊಂದು ದಿನ ತಾನೇ ರಜೆ ತೆಗೆದುಕೊಳ್ಳುವ ಯಂತ್ರವನ್ನು ಇದೇ ಮೊದಲು ನೋಡಿದ್ದು, ಇಂಥದೇ ಬೀಗ ನಮ್ಮ ಮನೆಯ ಒಲೆಗೂ ಹಾಕಿಕೊಡುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು. ನೀಲವ್ವ ಒಳಗಿನಿಂದಲೇ, "ಮೊದ್ಲು ನಮ್ಮನಿ ಒಲಿಗೆ!" ಎಂದು ಕೂಗಿದಳು. ಕಾಗದ ಬಂದರೆ ಗಾಣ ಕಳಿಸಿ ಎಂದು ಹೇಳಿ ಅವರು ಬಸ್ಸು ಹತ್ತಿದರು.

ಮರುದಿನ ಮಂಗಳವಾರ ಗುಂಡಿ ಒತ್ತಿದೆ. ಗಾಣ ಗಂಟೆ ಬಾರಿಸುತ್ತ ಹೂವಿನ ಹಾಗೆ ತಿರುಗಿತು. ನೋಡುವವರು ನಾನು ಮತ್ತು ಎಮ್ಮೆ.

ಕಾಗದವೂ ಬಂತು. ಮುದ್ರೆ ಇತ್ತು, ದಸ್ಕತ್ತು ಇತ್ತು. ವರ್ಗ: ಮಾನವಚಾಲಿತ ಎಣ್ಣೆ ಗಾಣ. ಶಕ್ತಿಯ ಮೂಲ: ಗಂಡಸರು, ಎರಡು. ಕೆಳಗೆ ನನ್ನ ಹೆಸರು, ಖಾಜಾನ ಹೆಸರು. ಖಾಜಾ ಅದನ್ನು ಫೋಟೋ ತೆಗೆದು ಬೀಗರಿಗೆಲ್ಲ ಕಳಿಸಿದ. ಸರ್ಕಾರದ ಕಾಗದದಲ್ಲಿ ಅವನ ಹೆಸರು ಬಂದದ್ದು ರೇಷನ್ ಕಾರ್ಡು ಬಿಟ್ಟರೆ ಇದೇ ಮೊದಲಂತೆ.

ಕಾಗದ ಇದ್ದ ಮೇಲೆ ಗಾಣ ಹೋಯಿತು. ಮಲ್ದಕಲ್‌ನಲ್ಲಿ ಅದನ್ನು ಕೂಡಿಸಿ ಬಂದ ವಾರಕ್ಕೇ ಲಕ್ಷ್ಮಮ್ಮನವರ ಫೋನು ಬಂತು. ಯಂತ್ರ ಚೆನ್ನಾಗಿದೆ, ಇನ್ನೂ ನಾಲ್ಕು ಬೇಕು. ಆದರೆ ಅಲ್ಲಿಯ ಅಧಿಕಾರಿಗಳು ಬಂದು, ಯಂತ್ರ ಕಾಗದದಲ್ಲಿ ಇದ್ದ ಹಾಗೇ ಇದೆಯೇ ಎಂದು ತಾಳೆ ನೋಡುತ್ತಾರೆ. ಕಾಗದದಲ್ಲಿ ಇಬ್ಬರು ಗಂಡಸರು ಇದ್ದಾರೆ. ದಯವಿಟ್ಟು ಇಬ್ಬರೂ ಬರಬೇಕು.

"ಯಾವ ದಿನ ಬರ್ತಾರಂತ್ರಿ?" ಎಂದು ಕೇಳಿದೆ. ಮಂಗಳವಾರವಂತೆ.

ಮಂಗಳವಾರ! ಅಧಿಕಾರಿಗಳ ಮುಂದೆ ಯಾರಾದರೂ ಅಪ್ಪಿತಪ್ಪಿ ಗುಂಡಿ ಒತ್ತಿದರೆ ಗಾಣ ತಾನೇ ತಿರುಗಿಬಿಡುತ್ತದೆ, ನನ್ನ ಕಾಗದ ಸುಳ್ಳಾಗುತ್ತದೆ. ಹೀಗಾಗಿ ಮಕ್ತಲ್‌ನ ಮೊದಲ ಆಟೋಮೇಷನ್ ಉದ್ಯಮಿಯಾದ ನಾನು ಫೋನ್ ತೆಗೆದು, ನನ್ನ ಸ್ವಯಂಚಾಲಿತ ಗಾಣ ನಡೆಯದಂತೆ ಮಂಗಳವಾರಕ್ಕೂ ಒಂದು ಬೀಗ ಹಾಕಿದೆ. ಮಂಗಳವಾರ ಬಸ್ಸಿಗೆ ಹೊರಟಾಗ ಚಹಾದಂಗಡಿಯವನು, "ಎಲ್ಲಿಗೆ ಹೊಂಟ್ರಿ, ತಂತ್ರಜ್ಞಾನದವ್ರು?" ಎಂದ. ತಲೆ ತಗ್ಗಿಸಿ ನಡೆದೆ ಎಂದು ಹೇಳಬೇಕಾಗಿಲ್ಲ.

ಅದಕ್ಕೂ ಮೊದಲು, ಬೆಳಿಗ್ಗೆ ಮನೆ ಬಿಡುವಾಗ ನೀಲವ್ವ ರೊಟ್ಟಿಬುತ್ತಿ ಕಟ್ಟಿಕೊಟ್ಟಳು. ಅವ್ವ ಬಂದು ನನ್ನ ಹಣೆಗೆ ಕುಂಕುಮ ಇಟ್ಟಳು. ಒಂಚೂರು ಎಣ್ಣೆ ತಂದು ಹೆಗಲಿಗೂ ಹಚ್ಚಿದಳು.

"ಯಾಕಬೇ ಯವ್ವಾ ಇದೆಲ್ಲಾ?" ಅಂದೆ.

"ದುಡಿಯೋದೆಲ್ಲಾ ಬಸವಣ್ಣನಽ" ಅಂದಳು. ಗಾಣ ಕಳಿಸುವಾಗ ಮೋಟಾರಿನಿಂದ ಬಿಚ್ಚಿಟ್ಟುಕೊಂಡಿದ್ದ ಎತ್ತಿನ ಗಂಟೆಯನ್ನು ತಂದು ನನ್ನ ಕೈಗೆ ಕೊಟ್ಟಳು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಕೊರಳಿಗೆ ಹಿಡಿದು ನೋಡಿದೆ. ಅಳತೆ ಸರಿಯಾಗಿಯೇ ಇತ್ತು!